ಕುಂಬಳೆ ಬೆಡಿಗೆ ಹೊರಡುವವರಿಗೆ

ಮಕರ ಸಂಕ್ರಮಣದ ಆಸುಪಾಸಿನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆಯ ಕಣಿಪುರ ಗೋಪಾಲಕೃಷ್ಣ ದೇವಸ್ಥಾನದ ಜಾತ್ರೆಗೆ, ಅದರಲ್ಲೂ ಬೆಡಿ, ಅಂದರೆ ಜಾತ್ರೆಯ ಸಿಡಿಮದ್ದಿನ ಪ್ರದರ್ಶನ, ನೋಡುವುದಕ್ಕೆಂದು, ಎಪ್ಪತ್ತು ದಾಟಿದ ಅತ್ತೆಯವರನ್ನೂ ಆರು ವರ್ಷದ ಮಗನನ್ನೂ ಕರೆದುಕೊಂಡು ಹೋಗಿದ್ದೆವು. ಬದಿಯಡ್ಕದಲ್ಲಿರುವ ಭಾವನವರು ಹಗಲು ಬೆಳಕಿರುವಾಗಲೇ ಬಂದುಬಿಡಿ ಎಂದು ಹೇಳಿದ್ದರು. ಬೆಡಿ ಎಲ್ಲಿ ಬಿಡುತ್ತಾರೆ, ಹೊರಹೋಗುವ ದಾರಿಗಳು ಯಾವುವು, ಆಂಬುಲೆನ್ಸ್ ಎಲ್ಲಿ ನಿಂತಿದೆ ಎಂಬುದನ್ನು ಕತ್ತಲಾದ ಮೇಲೆ ಜನಸಂದಣಿಯಲ್ಲಿ ಹುಡುಕಿ ತಿಳಿಯುವುದು ಆಗದ ಮಾತು.

ಬೆಡಿ ಬಿಡುವ ಜಾಗದಿಂದ ಪ್ರೇಕ್ಷಕರು 100 ಮೀಟರ್ ದೂರದಲ್ಲಿರಬೇಕೆಂಬುದು ನಿಯಮ. ದೊಡ್ಡವರ ನಡಿಗೆಯಲ್ಲಿ ಅದು ಸುಮಾರು 130 ಹೆಜ್ಜೆಯಾಗುತ್ತದೆ. ಹಗ್ಗ ಕಟ್ಟಿರಲಿ, ಇಲ್ಲದಿರಲಿ, ನಾವೇ ಅಳೆದು ನಿಲ್ಲುವುದು ಲೇಸು. ಸಿಡಿಸುವ ಜಾಗಕ್ಕಿಂತಲೂ ಸಿಡಿಮದ್ದು ದಾಸ್ತಾನಿಟ್ಟ ಕೋಣೆಯಿಂದ ದೂರವಿರುವುದು ಮುಖ್ಯ. 2024ರ ಅಕ್ಟೋಬರ್ 28ರ ರಾತ್ರಿ ಇದೇ ಜಿಲ್ಲೆಯ ನೀಲೇಶ್ವರದಲ್ಲಿ, ತೆಯ್ಯಂ ಎಂಬ ದೈವನರ್ತನ ನೋಡಲು ಸೇರಿದ್ದವರ ಪಕ್ಕದಲ್ಲೇ ಇದ್ದ ಪಟಾಕಿ ದಾಸ್ತಾನಿಗೆ ಕಿಡಿ ತಾಗಿ 150ಕ್ಕೂ ಹೆಚ್ಚು ಮಂದಿ ಗಾಯಗೊಂಡರು. ಅವರಲ್ಲಿ ಕೆಲವರು ಮುಂದಿನ ದಿನಗಳಲ್ಲಿ ತೀರಿಕೊಂಡರು. ಅತ್ತೆಯವರು ಪಾಲಿಸ್ಟರ್ ಸೀರೆ ಬಿಟ್ಟು ನೂಲಿನ ಸೀರೆ ಉಟ್ಟದ್ದು ಈ ಕಾರಣಕ್ಕೇ. ಮಗನ ಕಿವಿಗೆ ಹತ್ತಿ ತುರುಕಿದ್ದೆವು, ಅದು ಸಾಲಲಿಲ್ಲ. ಕಿವಿ ಪೂರ್ತಿ ಮುಚ್ಚುವ ಸಾಧನ ಒಯ್ಯಿರಿ.

ನಮಗಾದ ಅವಘಡ ಬೆಡಿಯಿಂದಲ್ಲ, ಚಹಾದಿಂದ. ಸಂತೆಯ ನೂಕುನುಗ್ಗಲಿನಲ್ಲಿ ಯಾರದೋ ಕೈಯ ಬಿಸಿ ಚಹಾ ಮಗನ ಮುಂಗೈ ಮೇಲೆ ಚೆಲ್ಲಿತು. ಟೂತ್‌ಪೇಸ್ಟ್ ಹಚ್ಚಿ ಎಂದವರೊಬ್ಬರು, ಬೆಣ್ಣೆ ಎಂದವರಿನ್ನೊಬ್ಬರು. ಎರಡೂ ಬೇಡ, ಮಂಜುಗಡ್ಡೆಯೂ ಬೇಡ: ಕೈಯ ದಾರ, ಬಳೆಗಳನ್ನು ಬೇಗನೆ ಬಿಚ್ಚಿ, ಹರಿಯುವ ತಣ್ಣೀರಿನಡಿ 20 ನಿಮಿಷ ಹಿಡಿಯಬೇಕು. ನಲ್ಲಿ ಎಲ್ಲಿದೆಯೆಂದು ಸಂಜೆಯೇ ನೋಡಿಟ್ಟಿದ್ದು ಆಗ ಉಪಯೋಗಕ್ಕೆ ಬಂತು.

ಆಂಬುಲೆನ್ಸಿಗೆ 108, ಪೊಲೀಸರೂ ಸೇರಿದಂತೆ ಎಲ್ಲ ತುರ್ತಿಗೆ 112. ಆ ಕಡೆಯಿಂದ ಮಲಯಾಳ ಕೇಳಿಸಿದರೆ ಗಾಬರಿಯಾಗದೆ ಹತ್ತಿರದ ಅಂಗಡಿಯವರ ಕೈಗೆ ಫೋನ್ ಕೊಡಿ. ಗಡಿನಾಡಿನಲ್ಲಿ ಎರಡೂ ಭಾಷೆ ಬಲ್ಲವರಿಗೆ ಬರವಿಲ್ಲ. ಊಟ ಪಾರ್ಸೆಲ್ ಕಟ್ಟಿಸಿದರೆ ತಯಾರಿಸಿದ ಸಮಯದ ಚೀಟಿ ನೋಡಿ, ಕೇರಳದಲ್ಲಿ ಅದು 2023ರಿಂದ ಕಡ್ಡಾಯ.

ಬೆಡಿ ಮುಗಿದೊಡನೆ ಎಲ್ಲರೂ ಒಂದೇ ದಾರಿಗೆ ನುಗ್ಗುತ್ತಾರೆ. ನಾವು ಅತ್ತೆಯವರನ್ನು ಒಂದು ಜಗಲಿಯಲ್ಲಿ ಕೂರಿಸಿ ಅರ್ಧ ಗಂಟೆ ಕಾದೆವು. ಅಷ್ಟರಲ್ಲಿ ಮಗ ನಿದ್ದೆಹೋಗಿದ್ದ, ರಸ್ತೆ ಖಾಲಿಯಾಗಿತ್ತು.