ಜಗಳಗಂಟನಾದರೂ ಕೆಲಸಗಾರ ಅಲ್ವಾ ಎಂದು ಕೇಳುವವರಿಗೆ

ನಾನಿರುವುದು ಅಮೆರಿಕದ ಮೇನ್ ರಾಜ್ಯದಲ್ಲಿ ಎಂದು ಗೊತ್ತಾದರೆ ಸಾಕು, ರಾಜಕೀಯದ ರುಚಿ ಇರುವವರು ಪಾಲ್ ಲೆಪೇಜ್ ಬಗ್ಗೆ ಕೇಳುತ್ತಾರೆ. 2011ರಿಂದ 2019ರವರೆಗೆ ಇಲ್ಲಿ ಗವರ್ನರ್ ಆಗಿದ್ದವರು, 2022ರಲ್ಲಿ ಮತ್ತೆ ಕಣಕ್ಕಿಳಿದವರು. ಪ್ರಶ್ನೆಯ ಧಾಟಿ ಮಾತ್ರ ಬದಲಾಗುವುದೇ ಇಲ್ಲ: "ಶಾಸಕರಿಗೆಲ್ಲ ಬೆವರಿಳಿಸಿದ್ರಂತೆ! ಜಗಳಗಂಟನಾದರೂ ಕೆಲಸಗಾರ ಅಲ್ವಾ? ನಮಗೂ ಅಂಥವರೊಬ್ಬರು ಬೇಕಿತ್ತು."

ಹೇಳಿ ಹೇಳಿ ಸಾಕಾಗಿದೆ. ನನ್ನ ಉತ್ತರ: ಅಲ್ಲ, ಬೇಡ.

ಮೊದಲು ಒಂದು ಮಾತು. ಇಲ್ಲಿಯ ಗವರ್ನರ್ ನಮ್ಮ ರಾಜ್ಯಪಾಲರ ಹಾಗೆ ದೆಹಲಿಯಿಂದ ನೇಮಕವಾಗಿ ಬಂದವರಲ್ಲ. ಜನರೇ ಓಟು ಹಾಕಿ ಆರಿಸುತ್ತಾರೆ. ಆಡಳಿತವೆಲ್ಲ ಅವರ ಕೈಯಲ್ಲಿ. ಆದರೆ ನಮ್ಮ ಮುಖ್ಯಮಂತ್ರಿಯ ಹಾಗೆ ಸದನದ ಬಹುಮತದ ಮೇಲೆ ನಿಂತವರೂ ಅಲ್ಲ. ಅವರು ಸದನವನ್ನು ವಿಸರ್ಜಿಸುವಂತಿಲ್ಲ, ಅವಿಶ್ವಾಸ ಮಂಡಿಸಿ ಅವರನ್ನು ಇಳಿಸುವಂತೆಯೂ ಇಲ್ಲ. ಹಾಗಾಗಿ ಜಗಳಕ್ಕೆ ನಿಂತರೆ ನಾಲ್ಕು ವರ್ಷ ಜಗಳವೇ.

ಲೆಪೇಜ್ ಹದಿನೆಂಟು ಮಕ್ಕಳ ಬಡ ಮನೆಯ ಹಿರಿಮಗ. ತಂದೆಯ ಹೊಡೆತ ತಾಳಲಾರದೆ ಹನ್ನೊಂದನೇ ವಯಸ್ಸಿಗೆ ಮನೆ ಬಿಟ್ಟು ಬೀದಿಯಲ್ಲಿ ಬೆಳೆದವರು. ಅದಕ್ಕೆ ಕೈಮುಗಿಯುತ್ತೇನೆ. ಆದರೆ ಕೇಳುವವರು ಮೆಚ್ಚುವುದು ಅದನ್ನಲ್ಲ. 2015ರ ಜೂನ್‌ನಲ್ಲಿ ಶಾಸಕರ ಫೋಟೋ ನೇತುಹಾಕಿದ ಕ್ರಿಸ್‌ಮಸ್ ಮರ ಮತ್ತು ಆಟಿಕೆ ಹಂದಿಗಳನ್ನು ಪತ್ರಿಕಾಗೋಷ್ಠಿಗೆ ತಂದು, ಬಜೆಟ್‌ನಲ್ಲಿ ದುಂದುವೆಚ್ಚ ತುಂಬಿದ್ದೀರಿ ಎಂದು ಹಂಗಿಸಿದರಲ್ಲ, ಅದನ್ನು. 2016ರಲ್ಲಿ ಒಬ್ಬ ಶಾಸಕರ ಫೋನಿಗೆ ಕೆಟ್ಟ ಬೈಗುಳ ಬಿಟ್ಟು, ಇದು 1825ನೇ ಇಸವಿ ಆಗಿದ್ದರೆ ದ್ವಂದ್ವಯುದ್ಧಕ್ಕೆ ಕರೆಯುತ್ತಿದ್ದೆ ಎಂದರಲ್ಲ, ಅದನ್ನು. ಫೋನಿನಲ್ಲಿ ವಿಡಿಯೋ ನೋಡಿ ನಗುವುದಕ್ಕೆ ಚೆನ್ನಾಗಿಯೇ ಇರುತ್ತದೆ.

ಎಂಟು ವರ್ಷದಲ್ಲಿ ಅವರು, ಸದನ ಒಪ್ಪಿ ಕಳಿಸಿದ 642 ಮಸೂದೆಗಳಿಗೆ ವೀಟೊ, ಅಂದರೆ ತಡೆ, ಹಾಕಿದರು. ಹಿಂದಿನ ನೂರು ವರ್ಷದ ಗವರ್ನರುಗಳೆಲ್ಲ ಸೇರಿ ಹಾಕಿದ್ದಕ್ಕಿಂತ ಹೆಚ್ಚು. ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಮತ ಬಿದ್ದರೆ ವೀಟೊ ಬಿದ್ದುಹೋಗುತ್ತದೆ. ಅವರ ಸ್ವಂತ ಪಕ್ಷದವರೂ ಎಷ್ಟೋ ಸಲ ಅವರ ವಿರುದ್ಧವೇ ಮತ ಹಾಕಿದರು. 2015ರಲ್ಲಂತೂ ಸದನ ಮುಗಿದೇಹೋಯಿತು, ಇನ್ನು ವೀಟೊ ಹಾಕಲು ಇರುವ ಹತ್ತು ದಿನದ ಗಡುವು ನನಗೆ ಅನ್ವಯಿಸದು ಎಂದು 65 ಮಸೂದೆಗಳನ್ನು ಇಟ್ಟುಕೊಂಡು ಕೂತರು. ಗಡುವು ಮೀರಿದೆ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯದ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಅಭಿಪ್ರಾಯ ಕೊಟ್ಟರು. 65ಕ್ಕೆ 65 ಕಾನೂನಾದವು. ಬೆವರಿಳಿದದ್ದು ಯಾರಿಗೆ?

"ಸರ್ಕಾರ ಆಸ್ಪತ್ರೆಗಳಿಗೆ ಕೊಡಬೇಕಿದ್ದ ಹಳೇ ಬಾಕಿ ತೀರಿಸಿದರಲ್ಲ" ಎನ್ನುತ್ತಾರೆ, ಸ್ವಲ್ಪ ಓದಿಕೊಂಡವರು. ತೀರಿಸಿದರು, ಒಪ್ಪುತ್ತೇನೆ. 2013ರಲ್ಲಿ, ಮದ್ಯದ ಸಗಟು ವ್ಯಾಪಾರದ ಆದಾಯದ ಮೇಲೆ ಬಾಂಡ್, ಅಂದರೆ ಸಾಲಪತ್ರ, ಎತ್ತಿ. ಅದಕ್ಕೂ ಅದೇ ಸದನ ಕೈ ಎತ್ತಬೇಕಾಯಿತು, ಎತ್ತಿತು.

ನನ್ನನ್ನು ಕೇಳಬೇಕಾದದ್ದು ಬೇರೆಯೇ ಇದೆ. ಅವರು ತಡೆದದ್ದು ಯಾವ ಮಸೂದೆ, ತಡೆದದ್ದರಿಂದ ಯಾರಿಗೆ ಏನಾಯಿತು? ಇದನ್ನು ಯಾರೂ ಕೇಳುವುದಿಲ್ಲ. ನಾನೇ ಹೇಳುತ್ತೇನೆ.

ನಲೊಕ್ಸೋನ್ ಎಂಬ ಔಷಧವಿದೆ. ಹೆರಾಯಿನ್‌ನಂಥ ಮಾದಕವಸ್ತು ಅತಿಯಾಗಿ ಉಸಿರು ನಿಲ್ಲುತ್ತಿರುವವರ ಮೂಗಿಗೆ ಸಿಂಪಡಿಸಿದರೆ ಉಸಿರು ಮರಳುತ್ತದೆ. ವೈದ್ಯರ ಚೀಟಿ ಇಲ್ಲದೆಯೂ ಔಷಧದಂಗಡಿಯಲ್ಲಿ ಅದು ಸಿಗಲಿ ಎಂಬ ಮಸೂದೆಗೆ ಲೆಪೇಜ್ 2016ರಲ್ಲಿ ವೀಟೊ ಹಾಕಿದರು. ಅದು ನಿಜವಾಗಿ ಜೀವ ಉಳಿಸುವುದಿಲ್ಲ, ಮುಂದಿನ ಓವರ್‌ಡೋಸ್‌ವರೆಗೆ ಆಯುಷ್ಯ ಎಳೆಯುತ್ತದೆ ಅಷ್ಟೇ ಎಂದು ಲಿಖಿತವಾಗಿ ಕಾರಣ ಕೊಟ್ಟರು. ಸದನ ವೀಟೊವನ್ನು ತಳ್ಳಿಹಾಕಿತು. ಆದರೂ ನಿಯಮಾವಳಿಯಲ್ಲಿ, ಕೊಳ್ಳುವವರ ವಯಸ್ಸಿನ ಮಿತಿಯಲ್ಲಿ ವಿಷಯ 2018ರವರೆಗೆ ಎಳೆದಾಡಿತು. ಇನ್ನೊಂದು ಮಸೂದೆ, ಇನ್ನೊಂದು ವೀಟೊ, ಅದನ್ನೂ ತಳ್ಳಿಹಾಕಬೇಕಾಯಿತು. 2016ರ ಒಂದೇ ವರ್ಷ ಈ ಪುಟ್ಟ ರಾಜ್ಯದಲ್ಲಿ ಮಾದಕವಸ್ತು ಅತಿಯಾಗಿ ಸತ್ತವರು 376 ಮಂದಿ. ಯಾರದೋ ಮಗ, ಯಾರದೋ ತಂಗಿ. ಅಷ್ಟು ಸಾವಿನ ನಡುವೆ ಆ ವಾಕ್ಯ ಬರೆದವರನ್ನು "ಗಟ್ಟಿಗ" ಎಂದು ಯಾರಾದರೂ ಹೊಗಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ.

ಬಡವರ ವೈದ್ಯಕೀಯ ನೆರವಿನ ಕಥೆಯೂ ಇದೇ. ಮೆಡಿಕೇಡ್ ವಿಸ್ತರಿಸುವ ಮಸೂದೆಗೆ ಐದು ಸಲ ವೀಟೊ. ಕೊನೆಗೆ 2017ರ ನವೆಂಬರ್‌ನಲ್ಲಿ ಜನರೇ ಜನಮತಗಣನೆಯಲ್ಲಿ ಶೇ. 59ರಷ್ಟು ಮತ ಹಾಕಿ ಕಾನೂನು ಮಾಡಿದರು. ಸದನ ಸರಿಯಾಗಿ ಹಣ ಒದಗಿಸದಿದ್ದರೆ ಜೈಲಿಗಾದರೂ ಹೋದೇನು, ಜಾರಿ ಮಾಡೆನು ಎಂದರು ಲೆಪೇಜ್. 2019ರ ಜನವರಿಯಲ್ಲಿ ಜಾನೆಟ್ ಮಿಲ್ಸ್ ಗವರ್ನರ್ ಆಗಿ ಬಂದು ಮಾಡಿದ ಮೊದಲ ಕೆಲಸವೇ ಆ ಜಾರಿ ಆದೇಶ. ಒಂದು ವರ್ಷಕ್ಕೂ ಹೆಚ್ಚು ಕಾಲ ಕಾನೂನು ಇತ್ತು, ಬಡವರ ಕೈಯಲ್ಲಿ ನೆರವಿನ ಕಾರ್ಡು ಇರಲಿಲ್ಲ.

2022ರಲ್ಲಿ ಲೆಪೇಜ್ ಅದೇ ಮಿಲ್ಸ್ ಎದುರು ನಿಂತಾಗ ಇಲ್ಲಿಯ ಲೂಯಿಸ್ಟನ್ ನಗರದಲ್ಲಿ ಚರ್ಚೆ ನಡೆಯಿತು. ಗರ್ಭಪಾತಕ್ಕೆ ಹೊಸ ನಿರ್ಬಂಧ ಹೇರುವ ಮಸೂದೆ ಬಂದರೆ ವೀಟೊ ಹಾಕುತ್ತೀರಾ ಎಂದು ಕೇಳಿದರು. 642 ವೀಟೊ ಹಾಕಿದ ಮನುಷ್ಯ ಪ್ರಶ್ನೆಯೇ ಅರ್ಥವಾಗಲಿಲ್ಲ ಎನ್ನುತ್ತ ಸುತ್ತಿ ಬಳಸಿ, ಬಿಡದೆ ಕೇಳಿದ ಮೇಲೆ ಹಾಕುತ್ತೇನೆ ಎಂದರು. ಸುಮಾರು ಹದಿಮೂರು ಶೇಕಡಾ ಅಂತರದಲ್ಲಿ ಸೋತರು.

2026ರ ಚುನಾವಣೆಯಲ್ಲಿ ಅಮೆರಿಕದ ಸಂಸತ್ತಿನ ಕೆಳಮನೆಗೆ ನಿಲ್ಲುವುದಾಗಿ 2025ರಲ್ಲಿ ಘೋಷಿಸಿದರು. ಫೋನುಗಳು ಮತ್ತೆ ಶುರುವಾಗುತ್ತವೆ. ಎಷ್ಟು ಜೋರಾಗಿ ಬೈದರು ಎಂದು ನನ್ನನ್ನು ಕೇಳಬೇಡಿ. ನಲೊಕ್ಸೋನ್ ಬಗ್ಗೆ ಕೇಳಿ, ಕೂತು ಮಾತಾಡೋಣ.