ದೊಡ್ಡಪ್ಪನ ಸ್ಕ್ಯಾನ್ ಮತ್ತು ವಿಕಿರಣದ ಲೆಕ್ಕ

ಕರುಳಿನ ಕ್ಯಾನ್ಸರ್‌ಗೆ ಶಸ್ತ್ರಚಿಕಿತ್ಸೆಯಾದ ದೊಡ್ಡಪ್ಪನನ್ನು ಕಾಫಿ ಕುಯ್ಲಿನ ನಡುವೆಯೇ ವಿರಾಜಪೇಟೆಯಿಂದ ಮೈಸೂರಿಗೆ ಮತ್ತೊಂದು ಸಿ.ಟಿ. ಸ್ಕ್ಯಾನ್‌ಗೆ ಕರೆದೊಯ್ದಾಗ, "ಇಷ್ಟು ಸಲ ಈ ಕಿರಣ ಮೈಗೆ ಬಿದ್ದರೆ ಏನಾಗುತ್ತದೆ ಮಗ?" ಎಂದು ಅವರು ಕೇಳಿದ ಪ್ರಶ್ನೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಹೊಟ್ಟೆ ಮತ್ತು ಕಿಬ್ಬೊಟ್ಟೆಯ ಒಂದು ಸ್ಕ್ಯಾನ್‌ನಿಂದ ಸಾಮಾನ್ಯವಾಗಿ 8ರಿಂದ 10 ಮಿಲಿಸೀವರ್ಟ್‌ನಷ್ಟು (ಮೈಗೆ ತಗಲುವ ವಿಕಿರಣವನ್ನು ಅಳೆಯುವ ಮಾನ) ವಿಕಿರಣ ತಗಲುತ್ತದೆ. ನಿಸರ್ಗದಿಂದ ಮನುಷ್ಯನಿಗೆ ವರ್ಷವಿಡೀ ಬರುವುದು ಜಾಗತಿಕ ಸರಾಸರಿಯಲ್ಲಿ ಸುಮಾರು 2.4 ಮಿಲಿಸೀವರ್ಟ್. ಸ್ಕ್ಯಾನ್ ಯಂತ್ರದಲ್ಲಿ ಕಿರಣ ಹೊರಡಿಸುವ ಎಕ್ಸ್‌ರೇ ಕೊಳವೆಯ ವಿದ್ಯುತ್ ಪ್ರವಾಹವನ್ನು ಅರ್ಧಕ್ಕಿಳಿಸಿದರೆ ವಿಕಿರಣವೂ ಅರ್ಧಕ್ಕಿಳಿಯುತ್ತದೆ, ಆದರೆ ಚಿತ್ರದಲ್ಲಿ ರವೆ ಚೆಲ್ಲಿದಂತಹ ಕಲೆಗಳು ಸುಮಾರು 1.4 ಪಟ್ಟು ಹೆಚ್ಚಿ, ಯಕೃತ್ತಿಗೆ ಹರಡಿದ ಸಣ್ಣ ಗಂಟು ಅವುಗಳಲ್ಲೇ ಮರೆಯಾಗಬಹುದು. ನನಗೆ ನಿಜವಾಗಿ ಅಂಜಿಕೆಯಿರುವುದು ಇದರ ಬಗ್ಗೆಯೇ. ಹೀಗಾಗಿ ಚಿತ್ರ ಕೆಡದಂತೆ ವಿಕಿರಣ ತಗ್ಗಿಸಲು ದೇಹದ ದಪ್ಪಕ್ಕೆ ತಕ್ಕಂತೆ ಪ್ರವಾಹವನ್ನು ತಾನೇ ಹೊಂದಿಸುವ ವ್ಯವಸ್ಥೆಯೂ, ಚಿತ್ರವನ್ನು ಮತ್ತೆ ಮತ್ತೆ ತಿದ್ದಿ ಕಟ್ಟುವ ಗಣಕವಿಧಾನವೂ ಬಂದಿವೆ.

ಕರುಳಿಗೆ ಅನಿಲ ತುಂಬಿ ಪಾಲಿಪ್ (ಕರುಳಿನ ಒಳಗೋಡೆಯಲ್ಲಿ ಬೆಳೆಯುವ ಗಂಟು) ಹುಡುಕುವ ಸಿ.ಟಿ. ಕೊಲೊನೋಗ್ರಫಿಯಲ್ಲಿ ಅನಿಲಕ್ಕೂ ಕರುಳಿನ ಗೋಡೆಗೂ ಇರುವ ವ್ಯತ್ಯಾಸ ಎದ್ದು ಕಾಣುವುದರಿಂದ ಬಹಳ ಕಡಿಮೆ ವಿಕಿರಣವೂ ಸಾಕಾಗುತ್ತದೆ. ಯಕೃತ್ತಿಗೂ ಅದರೊಳಗಿನ ಗಂಟಿಗೂ ಅಷ್ಟು ವ್ಯತ್ಯಾಸ ಕಾಣದ್ದರಿಂದ ಯಕೃತ್ತಿನ ವಿಷಯದಲ್ಲಿ ಆ ಅನುಕೂಲವಿಲ್ಲ.

ತೆಗೆದ ಸ್ಕ್ಯಾನನ್ನೇ ಮತ್ತೆ ತೆಗೆಸುವಂತಾಗಬಾರದೆಂದು, ದೊಡ್ಡಪ್ಪನ ಹಳೆಯ ಸಿ.ಡಿ.ಗಳನ್ನೆಲ್ಲ ದಿನಾಂಕ ಬರೆದು ಒಂದೇ ಚೀಲದಲ್ಲಿ ಇಟ್ಟಿದ್ದೇನೆ.