ಬಾದಾಮಿ ನಕ್ಷೆ: ಬಂಡೆಸೀಳಿನ ದಾರಿ ಕೊನೆಗೂ ಕೂತಿತು

ಉತ್ತರದ ಕೋಟೆಯ, ಅಂದರೆ ಬಾವನ್ ಬಂಡೆ ಕೋಟೆಯ, ಬಂಡೆಸೀಳಿನ ದಾರಿ ಕೊನೆಗೂ ನಕ್ಷೆಯಲ್ಲಿ ತನ್ನ ಜಾಗಕ್ಕೆ ಬಂದಿದೆ. ಮ್ಯೂಸಿಯಂ ಪಕ್ಕದಿಂದ ಹತ್ತಿ, ಎರಡು ಗೋಡೆಗಳ ನಡುವೆ ನುಗ್ಗಿ, ಮೇಲಿನ ಶಿವಾಲಯದ ಬಯಲಿಗೆ ಬರುವ ದಾರಿ. ಅಲ್ಲಿ ನಡೆದವರಿಗೆ ಗೊತ್ತು, ತಲೆ ಎತ್ತಿದರೆ ಆಕಾಶ ಒಂದು ಪಟ್ಟಿಯಷ್ಟೇ ಕಾಣುತ್ತದೆ. ಖುಷಿ ತಡೆಯಲಾಗದೆ ಇವತ್ತೇ ಬರೆಯುತ್ತಿದ್ದೇನೆ.

ಉಳಿದ ದಾರಿಗಳ ಬಗ್ಗೆ ಹೇಳುವಂಥದ್ದು ಜಾಸ್ತಿ ಇಲ್ಲ. ಅಗಸ್ತ್ಯ ತೀರ್ಥದ ದಂಡೆ, ಭೂತನಾಥ, ಸಿಡಿಲಪಡಿ ಕಾಲುದಾರಿ, ಎಲ್ಲ ಬಯಲು. ಟ್ರ್ಯಾಕ್ ಹಾಕಿ (ನಡೆದ ದಾರಿಯನ್ನು ಜಿಪಿಎಸ್ ಬರೆದುಕೊಳ್ಳುವುದು), ಅದರ ಜಿಪಿಎಕ್ಸ್ ಫೈಲ್ ಇಳಿಸಿಕೊಂಡು, ಎಲ್ಲರೂ ಸೇರಿ ಬರೆಯುವ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಗೆರೆ ಎಳೆದರೆ ಮುಗಿಯಿತು. ಹಠ ಹಿಡಿದದ್ದು ಈ ಬಾವನ್ ಬಂಡೆ ಕೋಟೆ ಮಾತ್ರ.

ಇಷ್ಟು ತಲೆಕೆಡಿಸಿಕೊಳ್ಳುವ ಅಗತ್ಯ ಇತ್ತಾ? ಇತ್ತು. ಟ್ರ್ಯಾಕ್ ಹೇಳಿದಂತೆ ಗೆರೆ ಎಳೆದರೆ ದಾರಿ ಬಂಡೆಯ ಹೊಟ್ಟೆಯೊಳಗೆ ಹೋಗಿ ಇನ್ನೊಂದು ಕಡೆ ಕಡಿದಾದ ಅಂಚಿನಲ್ಲಿ ಹೊರಬರುತ್ತದೆ. ಮಬ್ಬುಗತ್ತಲಲ್ಲಿ ಫೋನ್ ನೋಡಿಕೊಂಡು ಇಳಿಯುವವರಿಗೆ ಅಂಥ ಗೆರೆ ಕೊಡಬಾರದು. ಇನ್ನೊಂದು ಕಾರಣವೂ ಇದೆ. ಕ್ರಿ.ಶ. 543ರ ಚಾಲುಕ್ಯ ದೊರೆ ಒಂದನೇ ಪುಲಕೇಶಿಯ ಶಾಸನ ಇರುವುದು ಈ ಗುಡ್ಡದ ಬಂಡೆಯ ಮೇಲೆ. ರಾಜಧಾನಿ ಕಟ್ಟಲು ಈ ಗುಡ್ಡವನ್ನೇ ಏಕೆ ಆರಿಸಿದರು ಎನ್ನುವುದು ಈ ಸೀಳುಗಳಲ್ಲಿ ನಡೆದರೆ ತಾನಾಗಿ ತಿಳಿಯುತ್ತದೆ. ಅಂಥ ದಾರಿ ನಕ್ಷೆಯಲ್ಲಿ ಸುಮ್ನೆ ಅಂದಾಜಿಗೆ ಇರುವುದು ನನಗೆ ಸಹಿಸಲಾಗುವುದಿಲ್ಲ.

ಈಗ ಸಮಸ್ಯೆಗೆ ಬರೋಣ. ಬೆಳಿಗ್ಗೆ ಗೇಟು ತೆರೆದ ಕೂಡಲೇ ಹತ್ತಿ ಹಾಕಿದ ಟ್ರ್ಯಾಕ್‌ಗಳೆಲ್ಲ ಒಂದರ ಮೇಲೊಂದು ಚೆನ್ನಾಗಿ ಕೂರುತ್ತಿದ್ದವು. ನೋಡಿದರೆ ನಂಬಬೇಕು ಅನ್ನಿಸುವಷ್ಟು ಚೆಂದ. ಆದರೆ ಎಲ್ಲವೂ ಬಂಡೆಯೊಳಗೆ. ಸಂಜೆ ಹಾಕಿದ ಟ್ರ್ಯಾಕ್ ಎದುರಿನ ಗೋಡೆಯೊಳಗೆ!

ಕಾರಣ ಇಷ್ಟು. ಜಿಪಿಎಸ್ ಉಪಗ್ರಹ ಭೂಮಿ ಸುತ್ತಲು ಹೆಚ್ಚೂಕಡಿಮೆ 11 ಗಂಟೆ 58 ನಿಮಿಷ ತೆಗೆದುಕೊಳ್ಳುತ್ತದೆ. ಹಾಗಾಗಿ ಇವತ್ತು ಏಳು ಗಂಟೆಗೆ ತಲೆ ಮೇಲಿದ್ದ ಉಪಗ್ರಹಗಳು ನಾಳೆ ಏಳಕ್ಕೆ ಸುಮಾರು ನಾಲ್ಕು ನಿಮಿಷ ಮೊದಲು ಅದೇ ಜಾಗದಲ್ಲಿರುತ್ತವೆ. ನನ್ನ ಹಳೆಯ ಸಾಧನ ಹಿಡಿಯುವುದು ಜಿಪಿಎಸ್ ಒಂದನ್ನೇ. ಅದೇ ಹೊತ್ತು, ಅದೇ ಉಪಗ್ರಹ, ಅದೇ ಗೋಡೆಗೆ ಬಡಿದು ಬರುವ ಅದೇ ಸಿಗ್ನಲ್. ತಪ್ಪು ಕೂಡ ಅದೇ. ಹತ್ತಾರು ಟ್ರ್ಯಾಕ್‌ಗಳ ಸರಾಸರಿ ತೆಗೆದರೆ ಸರಿಹೋಗುತ್ತದೆ ಅಂತ ನಾವೆಲ್ಲ ಹೇಳುತ್ತೇವೆ, ಅಲ್ವಾ? ಅತ್ತಿತ್ತ ಚೆಲ್ಲಾಡುವ ತಪ್ಪಿಗೆ ಆ ಮದ್ದು ನಡೆಯುತ್ತದೆ. ಒಂದೇ ಕಡೆಗೆ ಎಳೆಯುವ ತಪ್ಪಿಗೆ ನಡೆಯುವುದಿಲ್ಲ.

ಗೆಳೆಯರೊಬ್ಬರು ಎಲ್5 ಎಂಬ ಇನ್ನೊಂದು ಜಿಪಿಎಸ್ ಸಿಗ್ನಲ್ಲನ್ನೂ ಹಿಡಿಯುವ ಹೊಸ ಫೋನ್ ಕೊಟ್ಟು ನೋಡು ಎಂದರು. ಬಯಲಿನಲ್ಲಿ ಅದು ಅದ್ಭುತ. ಸೀಳಿನೊಳಗೆ ಅಷ್ಟೇನೂ ಉಪಯೋಗವಾಗಲಿಲ್ಲ. ಯಾಕೆ ಅಂದರೆ, ಹಳೆಯ ಎಲ್1 ಸಿಗ್ನಲ್ಲಿನ ಒಂದು ಚಿಪ್ಪಿನ (ಸಿಗ್ನಲ್ ಹೊತ್ತು ತರುವ ಸಂಕೇತದ ಒಂದು ತುಣುಕು) ಉದ್ದ ಸುಮಾರು 293 ಮೀಟರ್, ಎಲ್5ರದ್ದು ಸುಮಾರು 29. ದೂರದ ಕಟ್ಟಡಕ್ಕೆ ಬಡಿದು ತಡವಾಗಿ ಬರುವ ಸಿಗ್ನಲ್ಲನ್ನು ಎಲ್5 ಸಲೀಸಾಗಿ ಬೇರ್ಪಡಿಸುತ್ತದೆ. ಇಲ್ಲಿ ಗೋಡೆ ಕೈಗೆಟಕುವಷ್ಟು ಹತ್ತಿರ. ಬಡಿದು ಬರುವ ಸಿಗ್ನಲ್ ಕೆಲವೇ ಮೀಟರ್ ಹೆಚ್ಚು ಸುತ್ತಿರುತ್ತದೆ, ಅಷ್ಟನ್ನು ಅದೂ ಗುರುತಿಸದು. ನೇರ ಸಿಗ್ನಲ್ ಪೂರ್ತಿ ಮರೆಯಾದ ಕಡೆಯಂತೂ ಯಾವ ಫೋನೂ ಏನೂ ಮಾಡಲಾರದು. ಉಪಗ್ರಹ ಚಿತ್ರದ ಮೇಲೆ ಎಳೆಯೋಣ ಅಂದರೆ ಸೀಳು ಪೂರ್ತಿ ನೆರಳು.

ಹಾಗಾಗಿ ಸೀಳಿನೊಳಗೆ ಜಿಪಿಎಸ್ ಆಫ್ ಮಾಡಿ, ಟೇಪ್ ಮತ್ತು ಪ್ರಿಸ್ಮ್ಯಾಟಿಕ್ ಕಂಪಾಸ್ ಹಿಡಿದೆ. ಕೆಳಗೆ ಬಯಲಲ್ಲಿ ಒಂದು ಬಿಂದು, ಮೇಲೆ ಬಯಲಲ್ಲಿ ಒಂದು ಬಿಂದು. ಇವೆರಡನ್ನು ಮಾತ್ರ ಬೇರೆ ಬೇರೆ ಹೊತ್ತಿನಲ್ಲಿ, ಬಹಳ ಹೊತ್ತು ಕೂತು ಜಿಪಿಎಸ್‌ನಿಂದ ತೆಗೆದದ್ದು. ನಡುವಿನದೆಲ್ಲ ಟ್ರಾವರ್ಸ್, ಅಂದರೆ ದಾರಿಯನ್ನು ತುಂಡು ತುಂಡಾಗಿ ಉದ್ದ, ದಿಕ್ಕು ಅಳೆಯುತ್ತಾ ಮುಂದೆ ಹೋಗುವುದು.

ಟೇಪಿನ ಕಥೆ ಹೇಳಲೇಬೇಕು. ಆನ್‌ಲೈನ್‌ನಲ್ಲಿ 30 ಮೀಟರಿನ ಫೈಬರ್‌ಗ್ಲಾಸ್ ಟೇಪ್ ಅಂತ ಚಿತ್ರ ಹಾಕಿದ್ದರು. ಬಂದದ್ದು ಬಟ್ಟೆ ಟೇಪ್. ಎಳೆದಷ್ಟೂ ಹಿಗ್ಗುವ ಟೇಪಿನಲ್ಲಿ ಅಳತೆ ಮಾಡುವುದು ಹೇಗೆ? ವಾಪಸ್ ಕಳಿಸಿದರೆ ಮತ್ತೆ ಅದೇ ಬಂತು. ಮಾರುವವರಿಗೆ ಅದು ಒಂದು ಸಾಮಾನು ಅಷ್ಟೇ. ನಮಗೆ ಒಂದಿಡೀ ರಜೆ ಹಾಳು. ಕೊನೆಗೆ ಕಟ್ಟಡ ಕೆಲಸದ ಸಾಮಾನು ಮಾರುವ ಅಂಗಡಿಯಲ್ಲಿ ಬಿಚ್ಚಿ, ಎಳೆದು ನೋಡಿಯೇ ತಂದೆ. ನೀವೂ ಹಾಗೇ ಮಾಡಿ.

ಮೆಟ್ಟಿಲಿರುವ ಕಡೆ ಟೇಪ್ ಇಳಿಜಾರಿನ ಉದ್ದ ಕೊಡುತ್ತದೆ, ನಕ್ಷೆಗೆ ಬೇಕಾದದ್ದು ನೆಲಮಟ್ಟದ ಉದ್ದ. 30 ಡಿಗ್ರಿ ಏರಿನಲ್ಲಿ 10 ಮೀಟರ್ ಅಳೆದರೆ ನಕ್ಷೆಯಲ್ಲಿ ಅದು 8.66 ಮೀಟರ್ ಮಾತ್ರ. ಆದ್ದರಿಂದ ಪ್ರತಿ ತುಂಡಿಗೂ ಕೋನ ಬರೆದುಕೊಳ್ಳಬೇಕು. ಕಂಪಾಸಿನದ್ದು ಬೇರೆ ತಕರಾರು. ಪ್ರತಿ ತುಂಡನ್ನೂ ಎರಡೂ ತುದಿಯಿಂದ ಓದಿದರೆ 180 ಡಿಗ್ರಿ ವ್ಯತ್ಯಾಸ ಬರಬೇಕು. ಒಂದು ತಿರುವಿನಲ್ಲಿ ಬರಲೇ ಇಲ್ಲ. ಕಬ್ಬಿಣದ ಕಂಬಿ ಮುಳ್ಳನ್ನು ತನ್ನ ಕಡೆ ಎಳೆಯುತ್ತಿತ್ತು. ನಿಲ್ಲುವ ಜಾಗವನ್ನು ಕಂಬಿಯಿಂದ ಆಚೆ ಸರಿಸಿ, ಜೇಬಿನ ಫೋನನ್ನು ಚೀಲಕ್ಕೆ ಹಾಕಿ ದೂರ ಇಟ್ಟ ಮೇಲೆ ಮುಳ್ಳು ಸರಿಯಾಯಿತು. ಚೀಲ ದೂರ ಇಟ್ಟರೆ ಮಂಗ ಬರುತ್ತದೆ. ಬಂತು. ಟೇಪಿನ ತುದಿ ಹಿಡಿದು ಎಳೆಯುತ್ತಾ ಕೂತ ಮರಿಯೊಂದು ನಮ್ಮೆಲ್ಲರನ್ನೂ ನಗಿಸಿತು.

ಮೇಲಿನ ಬಿಂದುವಿಗೆ ಬಂದಾಗ ಲೆಕ್ಕಕ್ಕೂ ಜಿಪಿಎಸ್‌ಗೂ ಎರಡು ಮೀಟರಿನಷ್ಟು ವ್ಯತ್ಯಾಸ ಇತ್ತು. ಅದನ್ನು ಬೌಡಿಚ್ ಎಂಬ ಸರ್ವೇ ಲೆಕ್ಕದಂತೆ ತುಂಡುಗಳ ಉದ್ದಕ್ಕೆ ತಕ್ಕಂತೆ ಹಂಚಿದೆ. ಚಿತ್ರದ ಮೇಲೆ ಇಟ್ಟು ನೋಡಿದೆ. ಗೆರೆ ನೆರಳಿನ ಒಳಗೇ ಇದೆ, ಎಲ್ಲೂ ಬಂಡೆ ಮುಟ್ಟಿಲ್ಲ! ಮೆಟ್ಟಿಲಿರುವಲ್ಲಿ ಮೆಟ್ಟಿಲು ಅಂತಲೇ ಟ್ಯಾಗ್ ಹಾಕಿದ್ದೇನೆ. ದಯವಿಟ್ಟು ಯಾರೂ ಅದನ್ನು ಕಾಲುದಾರಿ ಅಂತ ಬದಲಿಸಬೇಡಿ, ಆ್ಯಪ್‌ಗಳು ಸೈಕಲ್ಲಿನವರನ್ನು ಅಲ್ಲಿಗೆ ಹತ್ತಿಸಿಬಿಡುತ್ತವೆ.

ಸೈಕಲ್ ಅಂದೆನಲ್ಲ, ಮುಂದಿನ ಕೆಲಸ ಅದೇ. ಬನಶಂಕರಿ, ಶಿವಯೋಗಮಂದಿರದ ಕಡೆಯಿಂದ ಪಟ್ಟದಕಲ್ಲು, ಅಲ್ಲಿಂದ ಐಹೊಳೆ. ಬಾದಾಮಿಯಿಂದ ಪಟ್ಟದಕಲ್ಲಿಗೆ 22 ಕಿಲೋಮೀಟರ್ ಆಸುಪಾಸು. ಡಾಂಬರು ಬಿಟ್ಟು ಮಲಪ್ರಭೆಯ ಬದಿಯ ಹೊಲದ ದಾರಿಗಳನ್ನು ಜೋಡಿಸುವ ಆಸೆ ನನಗೆ. ಎರೆ ಮಣ್ಣು ಒಣಗಿದ್ದರೆ ಸೈಕಲ್ ಹಾಯಾಗಿ ಓಡುತ್ತದೆ. ಒಂದು ಮಳೆ ಬಿದ್ದರೆ ಮಡ್‌ಗಾರ್ಡ್ ಮತ್ತು ಟೈರಿನ ನಡುವೆ ಮಣ್ಣು ಗಿಡಿದು ಚಕ್ರವೇ ತಿರುಗದು. ಹಾಗಾಗಿ ಪ್ರತಿ ತುಂಡಿಗೂ ನೆಲ ಎಂಥದ್ದು ಎಂಬ ಟಿಪ್ಪಣಿ ಬೇಕು. ಬಳ್ಳಾರಿ ಜಾಲಿ ಮುಳ್ಳಿಗೆ ಟ್ಯೂಬ್‌ಲೆಸ್ ಒಳ್ಳೆಯದು, ಆದರೆ ಕಳೆದ ಸಲ ತರಿಸಿದ ಸೀಲೆಂಟ್ (ತೂತು ಮುಚ್ಚಲು ಟೈರಿನೊಳಗೆ ಹಾಕುವ ದ್ರವ) ಬಾಟಲಿಯಲ್ಲೇ ಗಟ್ಟಿಯಾಗಿತ್ತು. ಒಳ್ಳೆಯದು ಎಲ್ಲಿ ಸಿಗುತ್ತದೆ ಅಂತ ಗೊತ್ತಿದ್ದವರು ಹೇಳಿ. ಬನದ ಹುಣ್ಣಿಮೆ ಜಾತ್ರೆಯ ಹೊತ್ತಿಗೆ ಬನಶಂಕರಿ ಕಡೆ ಸೈಕಲ್ ತಳ್ಳಲೂ ಜಾಗ ಇರುವುದಿಲ್ಲ, ಅದಕ್ಕೆ ಮೊದಲೇ ಆ ಭಾಗ ಮುಗಿಸಬೇಕು.

ಅದಕ್ಕೂ ಮೊದಲು ಗುಡ್ಡ ದಾಟಿ ಮಹಾಕೂಟಕ್ಕೆ ಇಳಿಯುವ ಹಳೆಯ ಕಾಲುದಾರಿ ಬಾಕಿ ಇದೆ. ರಸ್ತೆಯಲ್ಲಿ ಸುತ್ತಿ ಹೋಗುವುದಕ್ಕಿಂತ ಬಹಳ ಹತ್ತಿರ. ಮೇಲೆ ಪೂರ್ತಿ ಬಯಲು, ಜಿಪಿಎಸ್ ಸಾಕು. ಮಹಾಕೂಟದ ಕಡೆ ಇಳಿಯುವಾಗ ಮರಗಳು ದಟ್ಟ. ಟೇಪ್ ಹಿಡಿಯಲು ಇಬ್ಬರು ಬರುವುದಾದರೆ ತಿಳಿಸಿ, ಬಾವನ್ ಬಂಡೆಯ ಟ್ರಾವರ್ಸ್ ಶೀಟನ್ನೇ ತರುತ್ತೇನೆ.